‘ಸನ್ಮಾನಿಸಲ್ಪಡುವರು’: ಕನ್ನಡ ವಾಕ್ಯದೊಳಗೆ ಕೂತ ಇಂಗ್ಲಿಷು

ಮುಂಬಯಿಯ ಮಾಟುಂಗ, ವಡಾಳ, ಕುರ್ಲಾ, ಸಾಂತಾಕ್ರೂಜ್, ಯಾವ ಕಡೆಯ ಕನ್ನಡ ಸಂಘದ ಆಮಂತ್ರಣ ಪತ್ರಿಕೆ ಬಂದರೂ ನಾನು ಮೊದಲು ನೋಡುವುದು ಕ್ರಿಯಾಪದಗಳನ್ನು. ಅತಿಥಿಗಳ ಹೆಸರು ಆಮೇಲೆ. ಕೆಟ್ಟ ಚಾಳಿ, ಒಪ್ಪುತ್ತೇನೆ. ಈಚೆಗೆ ಬಂದ ಒಂದರಲ್ಲಿ ಹೀಗಿತ್ತು: ‘ಸಮಾರಂಭವು ಮಾನ್ಯ ಅಧ್ಯಕ್ಷರಿಂದ ಉದ್ಘಾಟಿಸಲ್ಪಡುವುದು ಮತ್ತು ಹಿರಿಯ ಸದಸ್ಯರು ಸನ್ಮಾನಿಸಲ್ಪಡುವರು.’ ಒಂದೇ ಒಂದು ಇಂಗ್ಲಿಷ್ ಪದ ಇಲ್ಲ. ಅದನ್ನು ಬರೆದ ಕಾರ್ಯದರ್ಶಿಯೇ ಸಂಜೆ ಫೋನಿನಲ್ಲಿ ಹೇಳಿದರು: ‘ಫಾಸ್ಟ್ ಲೋಕಲ್ ಮಿಸ್ ಆಯ್ತು ಮಾರಾಯ್ರೆ, ಸ್ಲೋ ಹಿಡಿದು ಬರ್ತಾ ಇದ್ದೇನೆ.’ ಇದರಲ್ಲಿ ನಾಲ್ಕು ಇಂಗ್ಲಿಷ್ ಪದ. ಎರಡರಲ್ಲಿ ಶುದ್ಧ ಕನ್ನಡ ಯಾವುದೆಂದು ಕೇಳಿದರೆ ಹೆಚ್ಚಿನವರು ಮೊದಲನೆಯದಕ್ಕೇ ಕೈ ಎತ್ತುತ್ತಾರೆ. ವಾಕ್ಯದ ಕಟ್ಟು ನೋಡಿದರೆ ಎರಡನೆಯದೇ ಅಪ್ಪಟ ಕನ್ನಡ.

ತಪ್ಪು ಕಲ್ಪನೆ: ಇಂಗ್ಲಿಷ್ ಪದ ಹೊಕ್ಕರೆ ಕನ್ನಡ ಕೆಟ್ಟಿತು.

ಪದ ಬಂದ ಕೂಡಲೇ ಕನ್ನಡ ಅದಕ್ಕೆ ತನ್ನ ಕೆಲಸ ಹಚ್ಚುತ್ತದೆ. ‘ಮಿಸ್’ ಎಂಬುದನ್ನೇ ನೋಡಿ. ‘ಟ್ರೇನ್ ಮಿಸ್ ಆಯ್ತು’ ಎಂದರೆ ತಪ್ಪು ನನ್ನದಲ್ಲ, ದಾದರ್ ಸೇತುವೆಯ ಜನಸಂದಣಿಯದು. ‘ಮಿಸ್ ಮಾಡಿಕೊಂಡೆ’ ಎಂದರೆ ಚಹಾ ಕುಡಿಯುತ್ತ ನಿಂತದ್ದು ನಾನೇ. ‘ಮಿಸ್ ಮಾಡಿದೆ’ ಎಂದರೆ ಬೇಕೆಂದೇ ಬಿಟ್ಟಿರಲೂ ಸಾಕು. ಇಂಗ್ಲಿಷಿನವರು ಇಷ್ಟಕ್ಕೂ ಒಂದೇ ಕ್ರಿಯಾಪದದಲ್ಲಿ ಸುಧಾರಿಸುತ್ತಾರೆ. ‘ಆಗು’, ‘ಮಾಡು’, ‘ಕೊಳ್ಳು’ ಎಂಬ ಮೂರು ಆಳುಗಳು ಇರುವವರೆಗೆ ಹೊರಗಿನ ಪದ ಕನ್ನಡದ ಹದ್ದು ಮೀರುವುದಿಲ್ಲ.

ತಪ್ಪು ಕಲ್ಪನೆ: ‘ಲ್ಪಡು’ ಹಚ್ಚಿದರೆ ಭಾಷೆಗೆ ಘನತೆ ಬರುತ್ತದೆ. ಇದರ ಎದುರಿಗೆ ಇನ್ನೊಂದು ಕಲ್ಪನೆಯೂ ಇದೆ: ‘ಲ್ಪಡು’ ಬ್ರಿಟಿಷರು ತಂದದ್ದು.

ಎರಡೂ ಸರಿಯಲ್ಲ. ‘ಪಡು’ ಹಚ್ಚಿದ ಕರ್ಮಣಿ ರೂಪಗಳು ಹಳಗನ್ನಡದಲ್ಲೇ ಸಿಗುತ್ತವೆ. ಅವುಗಳ ಹಿಂದೆ ಇರುವುದು ಸಂಸ್ಕೃತದ ಮಾದರಿ. ಇಂಗ್ಲಿಷು ಮಾಡಿದ್ದು ಇಷ್ಟೇ: ಪಂಡಿತರ ಟೀಕೆಯಲ್ಲಿ ಇದ್ದದ್ದನ್ನು ಕಚೇರಿಗೆ, ವರದಿಗೆ, ಮದುವೆಯ ಕಾಗದಕ್ಕೆ ಎಳೆದು ತಂದಿತು. ಮಾತಿನಲ್ಲಿ ಅದು ಇಂದಿಗೂ ಇಲ್ಲ. ‘ಊಟ ಅಮ್ಮನಿಂದ ಬಡಿಸಲ್ಪಟ್ಟಿತು’ ಎಂದು ಯಾವ ಮನೆಯಲ್ಲೂ ಹೇಳುವುದಿಲ್ಲ.

ಮಾಡಿದವರ ಹೆಸರು ಹೇಳದೆ ಕೆಲಸವನ್ನಷ್ಟೇ ಹೇಳಬೇಕಾದರೆ ಕನ್ನಡದಲ್ಲಿ ಬೇರೆ ದಾರಿ ಇದೆ. ‘ಸಭೆಯನ್ನು ಮುಂದೂಡಲಾಗಿದೆ’ ಎನ್ನುತ್ತೇವೆ. ಇದೂ ಇಂಗ್ಲಿಷಿನ ಕರ್ಮಣಿಯೇ ಅಲ್ಲವೇ ಎಂದು ಒಬ್ಬ ಶಿಕ್ಷಕರು ನನ್ನೊಡನೆ ವಾದಿಸಿದ್ದರು. ಅಲ್ಲ. ‘ಸಭೆಯನ್ನು’ ಎಂಬ ದ್ವಿತೀಯಾ ವಿಭಕ್ತಿಯನ್ನು ಗಮನಿಸಿ. ಇಂಗ್ಲಿಷಿನಲ್ಲಿ ಸಭೆ ಎದ್ದು ಕರ್ತೃವಿನ ಕುರ್ಚಿಯಲ್ಲಿ ಕೂರುತ್ತದೆ. ಇಲ್ಲಿ ಅದು ಕರ್ಮವಾಗಿಯೇ ಉಳಿಯುತ್ತದೆ, ಕರ್ತೃವಿನ ಕುರ್ಚಿ ಖಾಲಿ ಬಿದ್ದಿರುತ್ತದೆ. ಇನ್ನೂ ಸರಳ ಬೇಕೆಂದರೆ ‘ಸಭೆ ಮುಂದಕ್ಕೆ ಹೋಗಿದೆ’. ‘ಹಿರಿಯರಿಗೆ ಸನ್ಮಾನ’ ಎಂಬಲ್ಲಿ ಕ್ರಿಯಾಪದವೂ ಬೇಡ.

ತಪ್ಪು ಕಲ್ಪನೆ: ಕ್ರಿಯಾಪದ ಇಲ್ಲದಿದ್ದರೆ ವಾಕ್ಯ ಪೂರ್ತಿಯಾಗದು.

‘ಮುಂಬಯಿ ಮಹಾರಾಷ್ಟ್ರದ ರಾಜಧಾನಿಯಾಗಿದೆ’ ಎಂದು ಬರೆದ ಮಕ್ಕಳಿಗೆ ಪೂರ್ಣ ಅಂಕ. ‘ಮುಂಬಯಿ ಮಹಾರಾಷ್ಟ್ರದ ರಾಜಧಾನಿ’ ಎಂದರೆ ಅಪೂರ್ಣವೆಂದು ಕೆಂಪು ಗೆರೆ. ಕನ್ನಡದಲ್ಲಿ ಎರಡು ನಾಮಪದ ಪಕ್ಕಪಕ್ಕ ಕೂತರೆ ವಾಕ್ಯ ಮುಗಿಯಿತು. ‘ಅವರು ನಮ್ಮ ಮಾವ’, ‘ಇದು ಚರ್ಚ್‌ಗೇಟ್’. ‘ಆಗಿದೆ’ ಎಂಬುದರ ಸಹಜ ಕೆಲಸ ಬದಲಾವಣೆ ಹೇಳುವುದು: ಗಿರಣಿ ಇದ್ದ ಜಾಗ ಈಗ ಮಾಲ್ ಆಗಿದೆ. ಪರೇಲಿನ ಬಗ್ಗೆ ಹಾಗೆ ಬರೆದರೆ ಒಪ್ಪುತ್ತದೆ. ‘ಇವರು ಸಂಘದ ಅಧ್ಯಕ್ಷರಾಗಿದ್ದಾರೆ’ ಎಂದರೆ, ಯಾವಾಗ ಆದರು ಎಂದು ಕೇಳುವ ಹಾಗಾಗುತ್ತದೆ.

ಆದರೆ ಮುಂಬಯಿಯಲ್ಲಿ ಈ ಪಾಪವನ್ನೆಲ್ಲ ಇಂಗ್ಲಿಷಿನ ತಲೆಗೆ ಕಟ್ಟುವಂತಿಲ್ಲ. ಮರಾಠಿಯ ‘ಆಹೇ’, ಹಿಂದಿಯ ‘ಹೈ’ ಬೆಳಗಿನಿಂದ ಕಿವಿಗೆ ಬೀಳುತ್ತಿರುತ್ತವೆ. ನೆರೆಭಾಷೆಯಿಂದ ವಾಕ್ಯದ ಕಟ್ಟು ಬದಲಾಗುವುದಕ್ಕೆ ಭಾಷಾವಿಜ್ಞಾನದಲ್ಲಿ ಜಗತ್ಪ್ರಸಿದ್ಧವಾದ ಸಾಕ್ಷಿಯೊಂದಿದೆ, ಅದೂ ನಮ್ಮ ಗಡಿಯಲ್ಲೇ. ಸಾಂಗ್ಲಿ ಪಕ್ಕದ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವವರು ತಲೆಮಾರುಗಳಿಂದ ಕೂಡಿ ಬಾಳಿದ್ದಾರೆ. ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ಅಲ್ಲಿಯ ಮಾತನ್ನು ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದರು. ಪದಗಳು ಬೇರೆ ಬೇರೆಯಾಗಿಯೇ ಉಳಿದಿದ್ದರೂ ವಾಕ್ಯದ ಅಚ್ಚು ಬಹುಮಟ್ಟಿಗೆ ಒಂದೇ ಆಗಿತ್ತು. ‘ಇದು ನಿಮ್ಮ ಮನಿ’ ಎನ್ನುವಲ್ಲಿ ಅಲ್ಲಿಯ ಕನ್ನಡಿಗರು ಮರಾಠಿಯ ಹಾಗೆ ಕೊನೆಗೊಂದು ‘ಐತಿ’ ಸೇರಿಸುತ್ತಿದ್ದರು. ಅದನ್ನು ಕಲಿಸಲು ಯಾವ ಇಂಗ್ಲಿಷ್ ಶಾಲೆಯೂ ಬೇಕಾಗಲಿಲ್ಲ.

ನನಗೆ ವಿಚಿತ್ರವೆನಿಸುವುದು ಬೇರೆ. ಮುಂಬಯಿ ಕನ್ನಡಿಗರಲ್ಲಿ ಬಹಳ ಮಂದಿಗೆ ಮನೆಮಾತು ತುಳು. ಕನ್ನಡ ಎಂದರೆ ಸಭೆಯ, ಯಕ್ಷಗಾನದ, ಪತ್ರಿಕೆಯ ಭಾಷೆ. ‘ಉಂದು ಎನ್ನ ಇಲ್ಲ್’ ಎನ್ನುವ ತುಳುವಿಗೂ ಕೊನೆಯಲ್ಲಿ ಕ್ರಿಯಾಪದ ಬೇಡ. ಹಾಗಿದ್ದೂ ಅದೇ ಬಾಯಿಯವರು ಪೆನ್ನು ಹಿಡಿದರೆ ‘ಇದು ನನ್ನ ಮನೆಯಾಗಿದೆ’. ಮನೆಯಲ್ಲಿ ಆಡದ ಕನ್ನಡವನ್ನು ಮುದ್ರಿತ ವರದಿಯಿಂದ ಕಲಿತರೆ ವರದಿಯ ಕನ್ನಡವೇ ಬರುತ್ತದೆ.

ಚಿಕ್ಕಪುಟ್ಟವು ಇನ್ನಷ್ಟಿವೆ. ‘ಮತ್ತು’ ಪರಕೀಯವಲ್ಲ, ಹಳಗನ್ನಡದ ‘ಮತ್ತಂ’ ಅದರ ಹಿರಿಯ. ಎರಡು ಕ್ರಿಯೆಗಳ ನಡುವೆ ಅದನ್ನು ತುರುಕುವುದು ಮಾತ್ರ ಇಂಗ್ಲಿಷ್ ಚಾಳಿ. ವಡಾಳದಲ್ಲಿ ಹಾರ್ಬರ್ ಗಾಡಿ ಹತ್ತಿ, ಕುರ್ಲಾದಲ್ಲಿ ಇಳಿದು, ಸೆಂಟ್ರಲ್ ಹಿಡಿದು ಮುಲುಂಡ್ ಸೇರುವ ತನಕ ಒಂದೂ ‘ಮತ್ತು’ ಬೇಕಿಲ್ಲ. ‘ಒಂದೂರಿನಲ್ಲಿ ಒಬ್ಬ ರಾಜ’ ಸರಿ, ಕತೆಗೆ ಹೊಸಬನನ್ನು ಕರೆತರುವ ರೀತಿ ಅದು. ‘ನನ್ನ ತಂದೆ ಒಬ್ಬ ಶಿಕ್ಷಕರು’ ಎಂಬಲ್ಲಿ ‘ಒಬ್ಬ’ ದಂಡ. ‘ಎರಡು ವಡಾಪಾವ್’ ಎಂದ ಮೇಲೆ ‘ಗಳು’ ಬೇಡ, ಎರಡು ಎಂದಾಯಿತಲ್ಲ.

ತಪ್ಪು ಕಲ್ಪನೆ: ಕ್ರಿಯಾಪದ ಕೊನೆಗೆ ಬರದಿದ್ದರೆ ಅದು ಇಂಗ್ಲಿಷ್ ಪ್ರಭಾವ.

‘ಎಲ್ಲಿಗೆ ಹೋಗಿದ್ದೆ ಮಾರಾಯ, ನಿನ್ನೆ?’ ಎಂದು ಕೇಳುವ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಮಾತಿನ ಕನ್ನಡದಲ್ಲಿ ನೆನಪಾದದ್ದು ಕ್ರಿಯಾಪದದ ಆಚೆಗೂ ಬೀಳುತ್ತದೆ. ‘ಯಾರು ಬರುತ್ತಾರೋ ಅವರಿಗೆ ಪ್ರಸಾದ’ ಎಂಬುದನ್ನೂ ಶಂಕಿಸಬೇಕಿಲ್ಲ. ಆ ‘ಓ’ ನಮ್ಮದೇ. ‘ಒಬ್ಬರು ಬಂದರು, ಯಾರು ನನ್ನ ಮಾವನೋ’ ಎಂದು ನಾಮಪದದ ಹಿಂದೆ ‘ಯಾರು’ ನೇತುಹಾಕಿದರೆ ಮಾತ್ರ ಗುಮಾನಿ ಪಡಿ.

ಈ ಗೊಂದಲಕ್ಕೆ ಶಾಲೆಯ ವ್ಯಾಕರಣವೂ ಹೊಣೆ. ಕೇಶಿರಾಜನ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣದಲ್ಲಿ ಸಂಧಿಯಿಂದ ಅವ್ಯಯದವರೆಗೆ 8 ಪ್ರಕರಣಗಳಿವೆ, ವಾಕ್ಯಕ್ಕೆಂದೇ ಪ್ರಕರಣವಿಲ್ಲ. ನಾವು ಬಾಯಿಪಾಠ ಮಾಡಿದ ಸರಳ, ಸಂಯುಕ್ತ, ಮಿಶ್ರ ವಾಕ್ಯಗಳ ವಿಂಗಡಣೆ ಇಂಗ್ಲಿಷ್ ವ್ಯಾಕರಣದ ಪ್ರತಿ. ಕನ್ನಡದ ಕಟ್ಟನ್ನು ಕನ್ನಡದಿಂದಲೇ ವಿವರಿಸಬೇಕೆಂದು ಹಟ ಹಿಡಿದವರು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್. ಅವರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದ ಹೆಸರೇ ಅವರ ವಾದ. ಅವರ ಹೊಸ ಪದಗಳನ್ನು, ಬರಹ ಸುಧಾರಣೆಯನ್ನು ನಾನು ಒಪ್ಪುವುದಿಲ್ಲ. ವಾಕ್ಯದ ಮಾತಿನಲ್ಲಿ ಒಪ್ಪದೆ ಗತಿಯಿಲ್ಲ.

ಸಂಘಗಳ ಕಾರ್ಯದರ್ಶಿಗಳಲ್ಲಿ ಒಂದು ಬಿನ್ನಹ. ಮುಂದಿನ ಆಮಂತ್ರಣ ಅಚ್ಚಿಗೆ ಹೋಗುವ ಮೊದಲು ಅದನ್ನು ಯಾರಿಗಾದರೂ ಫೋನಿನಲ್ಲಿ ಓದಿ ಹೇಳಿ. ಓದುವಾಗ ನಿಮಗೇ ನಗು ಬಂದ ಕಡೆ ಗೆರೆ ಹೊಡೆಯಿರಿ. ನನ್ನನ್ನು ಕರೆಯುವುದಿದ್ದರೂ ಸೀದಾ ಕರೆಯಿರಿ, ಬರುತ್ತೇನೆ. ‘ಆಮಂತ್ರಿಸಲ್ಪಟ್ಟರೆ’ ಬರುವುದಿಲ್ಲ.