ಅರ್ಜಿ ಬೇರೆ, ಕಥೆ ಬೇರೆ: ಕಾಲೇಜು ಪ್ರವೇಶದ ಪ್ರಬಂಧ ಬರೆಯುವವರಿಗೆ

ನಮ್ಮ ಮಕ್ಕಳಿಗೆ ಅರ್ಜಿ ಬರೆಯೋದು ಚೆನ್ನಾಗಿ ಗೊತ್ತು. ಸ್ಕಾಲರ್‌ಶಿಪ್ಪಿಗೆ, ಫೀಸು ರಿಯಾಯಿತಿಗೆ, ಹಾಸ್ಟೆಲ್ಲಿಗೆ ಅಂತ ಚಿಕ್ಕಂದಿನಿಂದ ಬರೆದೇ ಬಂದಿರುತ್ತಾರೆ. 'ತಂದೆಯವರ ಆದಾಯ ಕಡಿಮೆ, ಮನೆಯಲ್ಲಿ ಆರು ಜನ, ದಯವಿಟ್ಟು ಸಹಾಯ ಮಾಡಬೇಕು.' ಆ ಜಾಗಕ್ಕೆ ಆ ಭಾಷೆ ಸರಿ. ಆದರೆ ಕಾಲೇಜಿನ ಪ್ರವೇಶ ಪ್ರಬಂಧ ಬರೆಯಲು ಕೂತಾಗಲೂ ಅದೇ ಅರ್ಜಿ ಬರುತ್ತದೆ. ಎಡವುವುದು ಅಲ್ಲೇ.

ನಮ್ಮ ದೇಶದ ಬಹುತೇಕ ಕಾಲೇಜುಗಳು ಅಂಕ ಅಥವಾ ಪ್ರವೇಶ ಪರೀಕ್ಷೆ ನೋಡಿ ಸೀಟು ಕೊಡುತ್ತವೆ. ಪ್ರಬಂಧ ಕೇಳುವುದು ಮುಖ್ಯವಾಗಿ ಅಮೆರಿಕದ ಕಾಲೇಜುಗಳು, ಇಲ್ಲಿನ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು. ಅಮೆರಿಕದ ಅನೇಕ ಕಾಲೇಜುಗಳಿಗೆ ಒಟ್ಟಿಗೇ ಅರ್ಜಿ ಹಾಕುವ 'ಕಾಮನ್ ಆ್ಯಪ್'ನಲ್ಲಿ ಈ ಪ್ರಬಂಧಕ್ಕೆ ಗರಿಷ್ಠ 650 ಪದ. ಏಳು ವಿಷಯ ಕೊಟ್ಟಿರುತ್ತಾರೆ, ಒಂದನ್ನು ಆರಿಸಿಕೊಳ್ಳಬೇಕು. ಏಳನೆಯದು 'ನಿಮಗಿಷ್ಟವಾದ ಯಾವುದೇ ವಿಷಯ'. ಬ್ರಿಟನ್ನಿನ ಲೆಕ್ಕ ಬೇರೆ. ಅಲ್ಲಿನ 'ಯುಕಾಸ್' 2026ರ ಪ್ರವೇಶದಿಂದ ಮೂರು ಪ್ರಶ್ನೆ ಕೇಳುತ್ತಿದೆ, ಒಟ್ಟು 4000 ಅಕ್ಷರ. ಅಲ್ಲಿ ಓದಬೇಕೆಂದಿರುವ ವಿಷಯದ ತಯಾರಿಯೇ ಮುಖ್ಯ, ಮನೆ ಕಥೆಗೆ ಜಾಗ ಕಡಿಮೆ. ಈ ಲೇಖನ ಮೊದಲನೆಯ ಬಗೆಯದರ ಬಗ್ಗೆ.

ಓದುವವರಿಗೆ ಬೇಕಾಗಿರುವುದೇನು?

ನಿಮ್ಮ ಅಂಕ, ಬಹುಮಾನ, ತಂದೆಯ ಉದ್ಯೋಗ ಎಲ್ಲವೂ ಅರ್ಜಿಯ ಬೇರೆ ಕಾಲಂಗಳಲ್ಲಿ ಇದ್ದೇ ಇರುತ್ತದೆ. ಪ್ರಬಂಧದಲ್ಲೂ ಅದನ್ನೇ ಬರೆದರೆ 650 ಪದ ವ್ಯರ್ಥ. ಆ ಕಾಲಂಗಳಲ್ಲಿ ಕಾಣದ್ದು ಒಂದೇ: ಈ ಹುಡುಗ ಅಥವಾ ಹುಡುಗಿ ಯೋಚನೆ ಮಾಡುವ ರೀತಿ. ಏನನ್ನು ಗಮನಿಸುತ್ತಾರೆ, ತಪ್ಪಾದಾಗ ಏನು ಮಾಡುತ್ತಾರೆ, ಎಲ್ಲಿ ಮನಸ್ಸು ಬದಲಾಯಿಸಿಕೊಂಡಿದ್ದಾರೆ. 'ನಾನು ಶ್ರಮಜೀವಿ' ಅಂತ ಬರೆದರೆ ಅದು ಗೊತ್ತಾಗುವುದಿಲ್ಲ. ಒಂದು ಘಟನೆ ಹೇಳಿದರೆ ಗೊತ್ತಾಗುತ್ತದೆ. ಅದಕ್ಕೇ ಕಥೆ ಬೇಕು.

ಒಂದು ಉದಾಹರಣೆ

ಮುಂಬೈಯ ಕುರ್ಲಾದಲ್ಲಿ ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಅಬ್ಬಾ ವಿಜಯಪುರದ ಕಡೆಯವರು, ಟೈಲರ್. ಅವಳ ಮೊದಲ ಕರಡು ಹೀಗೆ ಶುರುವಾಗುತ್ತದೆ: 'ನಾನು ಬಡ ಅಲ್ಪಸಂಖ್ಯಾತ ಕುಟುಂಬದಿಂದ ಬಂದವಳು. ಎಷ್ಟೇ ಕಷ್ಟವಿದ್ದರೂ ಓದು ಬಿಡಲಿಲ್ಲ.' ಸುಳ್ಳೇನಿಲ್ಲ. ಆದರೆ ಇದೇ ಮಾತನ್ನು ಸಾವಿರ ಮಕ್ಕಳು ಬರೆಯಬಹುದು. ಇದರಲ್ಲಿ ಅವಳು ಎಲ್ಲೂ ಇಲ್ಲ.

ಈಗ ಅವಳನ್ನು ಕೇಳಿ: ಅಂಗಡಿಯಲ್ಲಿ ಎಂದಾದರೂ ನಿನ್ನಿಂದ ಏನಾದರೂ ತಪ್ಪಾಗಿತ್ತಾ? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾಳೆ. ರಂಜಾನಿನ ಕೊನೆಯ ವಾರ, ಅಂಗಡಿ ತುಂಬ ಕೆಲಸ. ಅಬ್ಬಾ ಅಳತೆ ಬರೆದಿಡುವುದು ಕನ್ನಡ ಅಂಕಿಯಲ್ಲಿ. ಕಟಿಂಗ್ ಮಾಸ್ಟರ್‌ಗೆ ಓದಿ ಹೇಳುವ ಕೆಲಸ ಇವಳದು. ಇವಳು ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡದ ೬ ಮತ್ತು ೯ ಅವಸರದ ಬರಹದಲ್ಲಿ ಅವಳಿಜವಳಿ ಇದ್ದ ಹಾಗೆ. ೩೯ ಇದ್ದದ್ದನ್ನು ೩೬ ಅಂತ ಓದಿದಳು. ಈದ್‌ಗೆ ಹೊಲಿಯಬೇಕಾದ ಕುರ್ತಾ ಮೂರು ಇಂಚು ಗಿಡ್ಡ ಕಟ್ ಆಯಿತು. ಅಬ್ಬಾ ಬೈಯಲಿಲ್ಲ. ಕೆಳಗೆ ಬೇರೆ ಬಟ್ಟೆಯ ಪಟ್ಟಿ ಜೋಡಿಸಿ ಹೊಲಿದರು. ಗಿರಾಕಿ ಮುಖ ಸಣ್ಣದು ಮಾಡಿಕೊಂಡು ತಗೊಂಡು ಹೋದ. ಹಬ್ಬ ಮುಗಿದ ಮೇಲೆ ಅವಳು ಅಬ್ಬಾನಿಂದ ಹತ್ತೂ ಅಂಕಿ ಕಲಿತಳು. ಜೊತೆಗೆ, ಯಾರು ಓದಿದರೂ ತಪ್ಪಾಗದ ಹಾಗೆ ಮನೆಗಳಿರುವ ಒಂದು ಅಳತೆ ಚೀಟಿ ಮಾಡಿದಳು.

ಅವಳಿಗೆ ಕಂಪ್ಯೂಟರ್ ವಿಜ್ಞಾನ ಓದುವ ಆಸೆ. ಯಾಕೆ ಅಂತ ಬೇರೆಯಾಗಿ ವಿವರಿಸಬೇಕಿಲ್ಲ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಪ್ಪಿಲ್ಲದೆ ತಲುಪಬೇಕು ಅನ್ನುವ ಚಿಂತೆ ಆ ಅಳತೆ ಚೀಟಿಯಲ್ಲೇ ಇದೆ. ಬಡತನ, ಊರು ಬಿಟ್ಟು ಬಂದದ್ದು, ಅಬ್ಬಾನ ಭಾಷೆ ಮಗಳಿಗೆ ದೂರವಾದದ್ದು ಎಲ್ಲವೂ ಒಂದೇ ಅಂಕಿಯೊಳಗೆ ಬಂದುಬಿಟ್ಟಿತು.

ಕಥೆಯ ಅಳತೆ

ಕಥೆಯೇ 650 ಪದ ನುಂಗಬಾರದು. ಘಟನೆಗೆ ಸುಮಾರು ಅರ್ಧ ಸಾಕು. ಉಳಿದರ್ಧ, ಆಮೇಲೆ ನೀವು ಏನು ಮಾಡಿದಿರಿ, ನಿಮ್ಮಲ್ಲಿ ಏನು ಬದಲಾಯಿತು, ಅದು ಇವತ್ತಿಗೂ ಎಲ್ಲಿ ಕಾಣುತ್ತದೆ ಅನ್ನುವುದಕ್ಕೆ. ಅಬ್ಬಾ ದೊಡ್ಡವರು ಅಂತ ಪೂರ್ತಿ ಅವರ ಬಗ್ಗೆಯೇ ಬರೆದರೆ, ಕಾಲೇಜಿನವರು ಅಬ್ಬಾನಿಗೇ ಸೀಟು ಕೊಡಬೇಕಾದೀತು! ಕೊನೆಯಲ್ಲಿ ನೀತಿಪಾಠ ಬೇಡ. ಶುರುವಿನಲ್ಲಿ ಮಹಾತ್ಮರ ಮಾತೂ ಬೇಡ. ನೇರವಾಗಿ ಅಂಗಡಿಯೊಳಕ್ಕೆ ಕರೆದುಕೊಂಡು ಹೋಗಿ.

ದುಃಖ ಮಾರಬೇಕಾಗಿಲ್ಲ

ನಮ್ಮಲ್ಲಿ ಕೆಲವರಿಗೆ ಎರಡು ಭಯ. ಹೆಸರು, ಮನೆ, ನಮಾಜು ಎಲ್ಲ ಬರೆದರೆ ಏನೆಂದುಕೊಳ್ಳುತ್ತಾರೋ ಅನ್ನುವುದು ಒಂದು. ಅವಮಾನ, ಗಲಭೆ, ಬಾಡಿಗೆ ಮನೆ ಸಿಗದ ಕಥೆ ಬರೆಯದಿದ್ದರೆ ಯಾರೂ ತಿರುಗಿ ನೋಡುವುದಿಲ್ಲವೇನೋ ಅನ್ನುವುದು ಇನ್ನೊಂದು. ಎರಡೂ ಬೇಡ. ನೋವು ನಿಮ್ಮ ಯೋಚನೆಯನ್ನು ರೂಪಿಸಿದ್ದರೆ ಬರೆಯಿರಿ. ಬರೆಯಲು ಮನಸ್ಸಿಲ್ಲದಿದ್ದರೆ ಬಿಡಿ, ಅದು ನಿಮ್ಮ ಹಕ್ಕು. ಕಾಯಿಲೆ, ಸಾವು, ಆದಾಯ ನಿಂತದ್ದರಿಂದ ಅಂಕ ಕುಸಿದಿದ್ದರೆ ಅದನ್ನು ಹೇಳಲು ಕಾಮನ್ ಆ್ಯಪ್‌ನಲ್ಲಿ ಬೇರೆಯೇ ಜಾಗವಿದೆ. ಅಲ್ಲಿ ಎರಡು ಮೂರು ವಾಕ್ಯದಲ್ಲಿ ನೇರವಾಗಿ ಹೇಳಿ.

ಇನ್ನು ಮನೆಮಾತು. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು. ಅದರಲ್ಲಿ ಅನುವಾದಕಿ ದೀಪಾ ಭಸ್ತಿ ಎಷ್ಟೋ ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಅಡಿಟಿಪ್ಪಣಿ ಕೊಡದೆ, ಓರೆ ಅಕ್ಷರವನ್ನೂ ಬಳಸದೆ ಹಾಗೇ ಉಳಿಸಿದ್ದಾರೆ. ನೀವೂ ಅಬ್ಬಾ, ದಾದಿ, ಸೆಹ್ರಿ ಅಂತ ಧೈರ್ಯವಾಗಿ ಬರೆಯಿರಿ. ವಾಕ್ಯದಿಂದಲೇ ಅರ್ಥ ಹೊಳೆಯುವಂತಿದ್ದರೆ ಸಾಕು.

ಶುರು ಮಾಡುವುದು ಹೇಗೆ?

ಮೊದಲು ಇಂಗ್ಲಿಷಿನಲ್ಲಿ ಬರೆಯಬೇಡಿ. ಘಟನೆಯನ್ನು ಮನೆಮಾತಿನಲ್ಲಿ ಗೆಳತಿಗೋ ತಮ್ಮನಿಗೋ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕೇಳುವವರು 'ಆಮೇಲೆ?' ಅಂದ ಜಾಗ ಉಳಿಸಿ, ಆಕಳಿಸಿದ ಜಾಗ ತೆಗೆಯಿರಿ. ಆಮೇಲೆ ಇಂಗ್ಲಿಷಿಗೆ ತನ್ನಿ. ವ್ಯಾಕರಣವನ್ನು ಟೀಚರ್ ತಿದ್ದಲಿ, ಕಥೆ ತಿದ್ದುವುದು ಬೇಡ.

ದುಡ್ಡು ಕೊಟ್ಟು ಬರೆಸುವುದು, ಎಐ ಕೈಲಿ ಬರೆಸಿ ತನ್ನದೆಂದು ಕಳಿಸುವುದು ಎರಡೂ ಮೋಸ. ಕಾಮನ್ ಆ್ಯಪ್ ಕೂಡ ಹಾಗೇ ಹೇಳುತ್ತದೆ, ಇದು ನನ್ನದೇ ಬರಹ ಅಂತ ನಿಮ್ಮಿಂದ ಸಹಿ ಮಾಡಿಸಿಕೊಳ್ಳುತ್ತದೆ. ಆ ಸಹಿ ಒಂದು ಅಮಾನತ್ತು. ಅಂಗಡಿಯ ಕಥೆಯಲ್ಲಿ ಅಬ್ಬಾನ ಹೆಸರೂ ಇರುತ್ತದೆ. ಕಳಿಸುವ ಮೊದಲು ಅದನ್ನು ಅವರಿಗೊಮ್ಮೆ ನಮ್ಮ ಮಾತಿನಲ್ಲಿ ಹೇಳಿ ಕೇಳಿಸಿ. 'ಹೌದಮ್ಮಾ, ಹೀಗೇ ಆಗಿತ್ತು' ಅಂದರೆ ಕಳಿಸಿಬಿಡಿ.