ಸವೆದ ಟೈರು: ತಪ್ಪು ಗ್ರಹಚಾರದ್ದಲ್ಲ

ಆರೋಗ್ಯದ ಅಂಕಣದಲ್ಲಿ ಟೈರಿನ ಮಾತೇಕೆ ಎಂದು ಓದುಗರು ಕೇಳಬಹುದು. ತಲೆಗೆ ಬಿದ್ದ ಪೆಟ್ಟು, ಮುರಿದ ತೊಡೆಮೂಳೆ, ಪಕ್ಕೆಲುಬು ಚುಚ್ಚಿ ಗಾಯವಾದ ಶ್ವಾಸಕೋಶ ಇವೆಲ್ಲ ವೈದ್ಯರ ಬಳಿಗೇ ಬರುತ್ತವೆ. ಗಾಯಾಳುವಿನ ಜೊತೆ ಬಂದವರು ಅನೇಕ ಸಲ ಹೇಳುವುದು ಒಂದೇ ಮಾತು: ‘ಏನ್ ಮಾಡೋದು ಡಾಕ್ಟ್ರೇ, ಟೈರ್ ಸಿಡೀತು, ನಮ್ಮ ಗ್ರಹಚಾರ.’ ಆದರೆ ಕಾಯಿಲೆಯಂತೆ ಟೈರಿಗೂ ಮುನ್ಸೂಚನೆಗಳಿವೆ. ಅವನ್ನು ನೋಡದೆ ಗಾಡಿ ಹೊರಡಿಸಿದವರ ‘ಗ್ರಹಚಾರ’ವನ್ನು ನ್ಯಾಯಾಲಯಗಳೂ ಸುಲಭವಾಗಿ ಒಪ್ಪುವುದಿಲ್ಲ.

<b>ಗೀರುಗಳ ಕೆಲಸ</b>

ಕಾರಿನ ಒಂದೊಂದು ಟೈರು ನೆಲವನ್ನು ಮುಟ್ಟುವುದು ಸುಮಾರು ಅಂಗೈ ಅಗಲದಷ್ಟು ಜಾಗದಲ್ಲಿ ಮಾತ್ರ. ಇಡೀ ಸಂಸಾರದ ಭಾರ ಇಂಥ ನಾಲ್ಕು ಅಂಗೈಗಳ ಮೇಲಿರುತ್ತದೆ. ಟೈರಿನ ಮೈಮೇಲಿನ ಗೀರುಗಳು ಅಂದಕ್ಕಾಗಿ ಇರುವಂಥವಲ್ಲ. ಮಳೆ ಬಂದಾಗ ಟೈರಿನಡಿಯ ನೀರನ್ನು ಪಕ್ಕಕ್ಕೆ ಹರಿಸುವ ಕಾಲುವೆಗಳು ಅವು. ಹೊಸ ಕಾರಿನ ಟೈರಿನಲ್ಲಿ ಇವು ಸುಮಾರು 7–8 ಮಿಲಿಮೀಟರ್ ಆಳವಿರುತ್ತವೆ. ಸವೆದು ಕಡಿಮೆಯಾದಂತೆ ನೀರಿಗೆ ಹೋಗಲು ದಾರಿ ಇರುವುದಿಲ್ಲ. ವೇಗ ಹೆಚ್ಚಿದ್ದರೆ ಟೈರು ನೆಲ ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಆಗ ಬ್ರೇಕೂ ಕೇಳುವುದಿಲ್ಲ, ಸ್ಟೀರಿಂಗೂ ಕೇಳುವುದಿಲ್ಲ. ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಒದ್ದೆ ಬಚ್ಚಲಿಗೆ ಕಾಲಿಟ್ಟಂತೆಯೇ ಇದು.

ಒಣ ರಸ್ತೆಯಲ್ಲಿ ಮಾತ್ರ ಬೋಳು ಟೈರೂ ಚೆನ್ನಾಗಿಯೇ ಹಿಡಿತ ಕೊಡುತ್ತದೆ. ಮೋಸವಿರುವುದು ಇಲ್ಲೇ. ಬೇಸಿಗೆಯಿಡೀ ತೊಂದರೆ ಕೊಡದ ಗಾಡಿ ಮುಂಗಾರಿನ ಮೊದಲ ಮಳೆಗೆ ಜಾರುತ್ತದೆ. ರಸ್ತೆಯ ಮೇಲೆ ಕೂತಿದ್ದ ಎಣ್ಣೆ, ಧೂಳು ಆ ದಿನ ನೀರಿನೊಡನೆ ಕಲೆತು ಇನ್ನಷ್ಟು ಜಾರಿಕೆ ಉಂಟುಮಾಡುತ್ತವೆ. ಇನ್ನೊಂದು ಲೆಕ್ಕ ನೆನಪಿರಲಿ: ವೇಗ 40 ಕಿ.ಮೀ.ನಿಂದ 80ಕ್ಕೆ ಏರಿದರೆ, ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟಾಗುತ್ತದೆ.

<b>ಸಿಡಿಯುವುದು ಹೇಗೆ?</b>

ಗಾಳಿ ಕಡಿಮೆಯಿರುವ ಟೈರು ಉರುಳುವಾಗ ಪ್ರತಿ ಸುತ್ತಿನಲ್ಲೂ ಅದರ ಪಕ್ಕದ ಗೋಡೆ ಮಡಚಿ ಬಿಚ್ಚುತ್ತದೆ. ಇದರಿಂದ ಒಳಗೇ ಕಾವು ಏರುತ್ತದೆ. ಅದರ ಮೇಲೆ ಹೆಚ್ಚು ಹೊರೆ, ಹೆದ್ದಾರಿಯ ವೇಗ, ಬಿಸಿಲು ಸೇರಿದರೆ ದುರ್ಬಲವಾದ ಜಾಗದಲ್ಲಿ ರಬ್ಬರು ಬಿಟ್ಟುಕೊಳ್ಳುತ್ತದೆ. ಟೈರು ಸಿಡಿದಾಗ ಗಾಬರಿಯಿಂದ ಬ್ರೇಕ್ ಒತ್ತುವುದೇ ಗಾಡಿ ಪಲ್ಟಿಯಾಗಲು ಕಾರಣವಾಗಬಹುದು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಆಕ್ಸಿಲರೇಟರಿನಿಂದ ನಿಧಾನವಾಗಿ ಕಾಲು ತೆಗೆದು, ವೇಗ ತಾನಾಗಿ ಇಳಿದ ಮೇಲೆ ಪಕ್ಕಕ್ಕೆ ತರಬೇಕು. ಸೀಟ್ ಬೆಲ್ಟ್ ಹಾಕದವರು ಪಲ್ಟಿಯಾದ ಕಾರಿನಿಂದ ಹೊರಕ್ಕೆ ಎಸೆಯಲ್ಪಡುತ್ತಾರೆ. ಹಿಂದಿನ ಸೀಟಿನವರಿಗೂ ಈ ಮಾತು ಅನ್ವಯಿಸುತ್ತದೆ.

<b>ಕಾನೂನು ಏನೆನ್ನುತ್ತದೆ?</b>

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಟೈರಿನ ಗೀರಿನ ಆಳ ಕಾರು, ಬಸ್ಸು, ಲಾರಿಗಳಲ್ಲಿ 1.6 ಮಿ.ಮೀ.ಗಿಂತ, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ 0.8 ಮಿ.ಮೀ.ಗಿಂತ ಕಡಿಮೆಯಾಗಬಾರದು. ದೋಷವಿರುವ ಗಾಡಿಯನ್ನು ರಸ್ತೆಗಿಳಿಸುವುದು 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಅಪರಾಧ. ‘ನನಗೆ ಗೊತ್ತಿರಲಿಲ್ಲ’ ಎಂದರೆ ಸಾಲದು. ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಗೊತ್ತಾಗುವಂತಿದ್ದ ದೋಷಕ್ಕೂ ಹೊಣೆ ಇದೆ. ಅಂಥ ದೋಷದಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿ ದಂಡ, ಅಥವಾ ಎರಡನ್ನೂ 2019ರ ತಿದ್ದುಪಡಿ ನಿಗದಿ ಮಾಡಿತು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದ್ದು ಸಾಬೀತಾದರೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷಗಳವರೆಗೆ ಶಿಕ್ಷೆ ಇದೆ.

ಈ ಬಗ್ಗೆ 2023ರಲ್ಲಿ ಬಾಂಬೆ ಹೈಕೋರ್ಟ್ ನೀಡಿದ ತೀರ್ಪು ಗಮನಾರ್ಹವಾದುದು. 2010ರ ಅಕ್ಟೋಬರಿನಲ್ಲಿ ಪುಣೆಯಿಂದ ಮುಂಬೈಗೆ ಹೊರಟಿದ್ದ ಕಾರಿನ ಹಿಂದಿನ ಟೈರು ಸಿಡಿದು, ಕಾರು ಕಂದಕಕ್ಕೆ ಉರುಳಿ ಪ್ರಯಾಣಿಕರೊಬ್ಬರು ಮೃತಪಟ್ಟಿದ್ದರು. ಟೈರು ಸಿಡಿದದ್ದು ದೈವಕೃತ ಎಂಬುದು ವಿಮಾ ಕಂಪನಿಯ ವಾದ. ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅತಿ ವೇಗ, ಕಡಿಮೆ ಅಥವಾ ಹೆಚ್ಚು ಗಾಳಿ, ಹಳೆಯ ಟೈರು ಇತ್ಯಾದಿ ಕಾರಣಗಳಿಂದ ಟೈರು ಸಿಡಿಯುತ್ತದೆ. ಹೊರಡುವ ಮುನ್ನ ಅದನ್ನು ಪರೀಕ್ಷಿಸುವುದು ಮನುಷ್ಯನ ಹೊಣೆ ಎಂದು ಹೇಳಿ, ಸುಮಾರು 1.25 ಕೋಟಿ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು.

ಗಾಡಿ ಓಡಿಸಿದ್ದು ಸಂಬಳದ ಡ್ರೈವರ್ ಆಗಿದ್ದರೂ ಪರಿಹಾರದ ಹೊಣೆಯಿಂದ ಮಾಲೀಕ ತಪ್ಪಿಸಿಕೊಳ್ಳಲಾರ. ಇನ್ನೊಬ್ಬರೇ ಬಂದು ಗುದ್ದಿದ್ದರೂ, ನಿಮ್ಮ ಬೋಳು ಟೈರು ಅಪಘಾತಕ್ಕೆ ಕಾರಣವಾಗಿತ್ತೆಂದು ಸಾಬೀತಾದರೆ ನಿಮಗೆ ಬರಬೇಕಾದ ಪರಿಹಾರದಲ್ಲಿ ಕಡಿತವಾಗಬಹುದು.

<b>ನೀವೇ ಮಾಡಬಹುದಾದ ತಪಾಸಣೆ</b>

* ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಟೈರಿನ ಮೈ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಟೈರು ಬದಲಿಸಿ.
* ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ ಎಂದರ್ಥ.
* ಪಕ್ಕದಲ್ಲಿ ಉಬ್ಬು, ಸೀಳು, ಬಿರುಕು ಕಂಡರೆ ಗೀರು ಚೆನ್ನಾಗಿದ್ದರೂ ಆ ಟೈರು ಬೇಡ.
* ಪಕ್ಕದ ಮೇಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. 2319 ಎಂದರೆ 2019ರ 23ನೇ ವಾರ. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ. ಹತ್ತು ವರ್ಷವಾಗಿದ್ದರೆ ಬಳಸಬೇಡಿ.
* ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ, ಸ್ಟೆಪ್ನಿ ಸೇರಿಸಿ ಗಾಳಿ ನೋಡಿಸಿ.
* ಎರಡೇ ಹೊಸ ಟೈರು ಕೊಳ್ಳುವುದಾದರೆ ಕಾರಿನ ಹಿಂದಕ್ಕೆ ಹಾಕಿಸಿ. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಕಾರು ತಿರುಗಿಬಿಡುತ್ತದೆ. ಅದನ್ನು ಸಂಭಾಳಿಸುವುದು ಹೆಚ್ಚು ಕಷ್ಟ.

ಇಷ್ಟಾಗಿಯೂ ಅಪಘಾತವಾದರೆ 108 ಅಥವಾ 112ಕ್ಕೆ ಕರೆ ಮಾಡಿ. ರಕ್ತ ಸುರಿಯುವ ಕಡೆ ಶುಭ್ರ ಬಟ್ಟೆಯಿಂದ ಒತ್ತಿಹಿಡಿಯಿರಿ. ಬೆಂಕಿಯಂಥ ಅಪಾಯವಿಲ್ಲದಿದ್ದರೆ ಗಾಯಾಳುವಿನ ಕುತ್ತಿಗೆ ಅಲುಗಾಡಿಸಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮೇಲಿನ ತಪಾಸಣೆಗೆ ಹತ್ತು ನಿಮಿಷ ಸಾಕು, ಹಣ ಖರ್ಚಿಲ್ಲ. ಮುಂದಿನ ಸಲ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಊರಿಗೆ ಹೊರಡುವ ಹಿಂದಿನ ದಿನವೇ ಇದನ್ನು ಮಾಡಿ. ಏನಾದರೂ ಕೆಟ್ಟಿದ್ದರೆ ಸರಿಪಡಿಸಲು ಸಮಯವಿರುತ್ತದೆ.