ಮತ್ತೆ ಮತ್ತೆ ಉರಿಮೂತ್ರ: ಬಾರ್ಲಿ ನೀರಿನಿಂದ ಎಷ್ಟಾಗುತ್ತೆ?

ಹಾಸ್ಟೆಲ್‌ನಲ್ಲಿ ಯಾರಾದ್ರೂ ಉರಿಮೂತ್ರ ಅಂದ್ರೆ ಸಾಕು, ‘ಉಷ್ಣ ಆಗಿದೆ, ಬಾರ್ಲಿ ನೀರು ಕುಡಿ’ ಅನ್ನೋ ಉತ್ತರ ರೆಡಿ ಇರುತ್ತೆ. ಒಂದು ಸಲ ಬಂದು ಹೋದ್ರೆ ಪರವಾಗಿಲ್ಲ. ಆದರೆ ಕೆಲವರಿಗೆ ಇದು ಇಂಟರ್ನಲ್ಸ್ ಥರ, ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. 6 ತಿಂಗಳಲ್ಲಿ 2 ಸಲ ಅಥವಾ ವರ್ಷದಲ್ಲಿ 3 ಸಲ ಬಂದರೆ ಅದನ್ನು ಮರುಕಳಿಸುವ ಯುಟಿಐ, ಅಂದರೆ ಪದೇ ಪದೇ ಬರುವ ಮೂತ್ರದ ಸೋಂಕು ಅಂತಾರೆ. ಹುಡುಗರು ಪುಟ ಮುಚ್ಚಬೇಡಿ, ನಿಮ್ಮ ಅಕ್ಕ ತಂಗಿ ಕ್ಲಾಸ್‌ಮೇಟ್‌ಗಳ ವಿಷಯ ಇದು.

ಬೈಗುಳ ಬೀಳೋದು ಉಷ್ಣಕ್ಕೆ, ಆದರೆ ಹೆಚ್ಚಿನ ಸಲ ಕೆಲಸ ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾದ್ದು. ಕರುಳಿನಲ್ಲಿ ಅದು ಸಾಮಾನ್ಯವಾಗಿ ತೊಂದರೆ ಕೊಡದೆ ಇರುತ್ತೆ. ಅಲ್ಲಿಂದ ಮೂತ್ರಕೋಶಕ್ಕೆ ಹತ್ತಿದರೆ ಕಷ್ಟ. ಹೆಂಗಸರಲ್ಲಿ ಆ ದಾರಿ ಸುಮಾರು 4 ಸೆಂ.ಮೀ., ಗಂಡಸರಲ್ಲಿ ಸುಮಾರು 20. ಯಾರೋ ಕ್ಲೀನಾಗಿಲ್ಲ ಅನ್ನೋ ಪ್ರಶ್ನೆಯೇ ಅಲ್ಲ, ಉದ್ದದ ಪ್ರಶ್ನೆ.

ಈಗ ನಮ್ಮ ಭಾಷೆಯಲ್ಲಿ ನೋಡೋಣ. ಮೂತ್ರಕೋಶ ಒಂದು ಟ್ಯಾಂಕ್. ಒಳಗಿನ ಬ್ಯಾಕ್ಟೀರಿಯಾ ಗಂಟೆಗೊಮ್ಮೆ ಎರಡರಷ್ಟಾಗುತ್ತೆ ಅಂತ ಇಟ್ಟುಕೊಳ್ಳಿ. ಪ್ರತಿ ಸಲ ಟ್ಯಾಂಕ್ ಖಾಲಿ ಮಾಡಿದಾಗ ಇಪ್ಪತ್ತರಲ್ಲಿ ಒಂದು ಪಾಲು ಉಳಿಯುತ್ತೆ ಅನ್ನೋಣ. 3 ಗಂಟೆಗೊಮ್ಮೆ ಹೋದರೆ 8 ಪಟ್ಟು ಬೆಳೆದು, 20ರಿಂದ ಭಾಗವಾಗಿ, ಮೊದಲಿಗಿಂತ ಅರ್ಧಕ್ಕೂ ಕಡಿಮೆ ಆಗುತ್ತೆ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ತಡೆದುಕೊಂಡರೆ? 128 ಪಟ್ಟು. ಖಾಲಿ ಮಾಡಿದ ಮೇಲೂ ಮೊದಲಿಗಿಂತ 6 ಪಟ್ಟು ಜಾಸ್ತಿ! ದೇಹದ ರೋಗನಿರೋಧಕ ಶಕ್ತಿಯನ್ನೆಲ್ಲ ಬಿಟ್ಟು ಹಾಕಿದ ರಫ್ ಲೆಕ್ಕ ಇದು, ವೈವಾದಲ್ಲಿ ಹೇಳಬೇಡಿ. ಆದರೆ ಹರಿವು ಯಾಕೆ ಮುಖ್ಯ ಅಂತ ಗೊತ್ತಾಗುತ್ತೆ.

9ರಿಂದ 4ರವರೆಗೆ ಯಾರು ತಡ್ಕೊಳ್ತಾರೆ ಅಂತ ಕೇಳಬೇಡಿ. ಲ್ಯಾಬ್ 3 ಗಂಟೆ, ಮಧ್ಯೆ ಹೊರಗೆ ಹೋಗೋಕೆ ಮುಜುಗರ. ಟಾಯ್ಲೆಟ್‌ಗೆ ಹೋದ್ರೆ ಚಿಲಕ ಇಲ್ಲ, ಇಲ್ಲಾಂದ್ರೆ ನೀರಿಲ್ಲ. ಅದಕ್ಕೆ ಹುಡುಗಿಯರು ಕಂಡುಕೊಂಡ ಉಪಾಯ ನೀರೇ ಕುಡಿಯದೆ ಇರೋದು. ಬಾಟಲಿ ಬೆಳಿಗ್ಗೆ ತುಂಬಿಸಿದ ಹಾಗೇ ಸಂಜೆ ರೂಮಿಗೆ ವಾಪಸ್ ಬರುತ್ತೆ. ನನ್ನ ಪ್ರಕಾರ ಈ ಸೋಂಕಿನ ಅರ್ಧ ಔಷಧಿ ಪ್ಲಂಬರ್ ಕೈಯಲ್ಲಿದೆ.

ನೀರಿನ ಮಾತಿಗೆ ಗಟ್ಟಿ ಆಧಾರ ಇದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಡಿಮೆ ನೀರು ಕುಡಿಯುವ, ಪದೇ ಪದೇ ಸೋಂಕು ಬರುವ 140 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ 1.5 ಲೀಟರ್ ನೀರು ಹೆಚ್ಚಿಗೆ ಕುಡಿಯಿತು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು, ಉಳಿದವರಿಗೆ 3.2 ಸಲ. ಬರೀ ನೀರು, ಇನ್ನೇನೂ ಇಲ್ಲ.

ಅಜ್ಜಿಯ ಬಾರ್ಲಿ ನೀರು, ಎಳನೀರು, ಜೀರಿಗೆ–ಕೊತ್ತಂಬರಿ ಕಷಾಯವನ್ನು ನಾನು ನೋಡೋದು ಹೀಗೇ. ಇವುಗಳನ್ನು ಆಂಟಿಬಯೋಟಿಕ್ ಅಂದ್ಕೋಬಾರದು. ಆದರೆ ಬರೀ ನೀರು ಕುಡಿಯದವರೂ ಒಂದು ಚೊಂಬು ಬಾರ್ಲಿ ನೀರು ಕುಡೀತಾರೆ. ಅಜ್ಜಿ ಗೆದ್ದಿದ್ದು ಆ ಚೊಂಬಿನ ಅಳತೆಯಿಂದ.

ಕ್ರ್ಯಾನ್‌ಬೆರಿ ಕಥೆ ಬೇರೆ. ಇ. ಕೋಲೈ ಮೈಮೇಲೆ ಕೂದಲಿನಂಥ ಕೊಕ್ಕೆಗಳಿವೆ, ಅವುಗಳಿಂದ ಮೂತ್ರಕೋಶದ ಗೋಡೆಗೆ ಅಂಟಿಕೊಳ್ಳುತ್ತೆ. ಅಂಟಿಕೊಂಡದ್ದು ಹರಿವಿಗೆ ಸುಲಭವಾಗಿ ಕೊಚ್ಚಿಹೋಗಲ್ಲ. ಕ್ರ್ಯಾನ್‌ಬೆರಿಯಲ್ಲಿರುವ ಕೆಲವು ಅಂಶಗಳು ಈ ಅಂಟುವಿಕೆಯನ್ನು ತಡೆಯುತ್ತವೆ ಅನ್ನೋದು ವಿವರಣೆ. 2023ರ ಕಾಕ್ರೇನ್ ವಿಮರ್ಶೆ 50 ಅಧ್ಯಯನಗಳನ್ನು ನೋಡಿ, ಪದೇ ಪದೇ ಸೋಂಕು ಬರುವ ಹೆಂಗಸರಲ್ಲಿ ಅಪಾಯ ಸುಮಾರು ಕಾಲು ಭಾಗ ಕಡಿಮೆ ಆಗುತ್ತೆ ಅಂದಿತು. ಅದು ತಡೆಯೋಕೆ, ಬಂದ ಸೋಂಕನ್ನು ವಾಸಿ ಮಾಡೋಕಲ್ಲ. ಸಕ್ಕರೆ ತುಂಬಿದ ಜ್ಯೂಸ್ ಡಬ್ಬಕ್ಕೆ ದುಡ್ಡು ಹಾಕೋ ಮೊದಲು ಲೇಬಲ್ ಓದಿ. ಇದೇ ಕೊಕ್ಕೆಯ ತರ್ಕದ ಮೇಲೆ ಡಿ-ಮ್ಯಾನೋಸ್ ಪುಡಿ ಕೂಡ ಮಾರ್ತಾರೆ. ತರ್ಕ ಚೆನ್ನಾಗಿದೆ, ಆದರೆ 2024ರಲ್ಲಿ ಬ್ರಿಟನ್‌ನ ಸುಮಾರು 600 ಹೆಂಗಸರ ಮೇಲೆ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಸೋಂಕು ಬಂದೇಬಿಟ್ಟರೆ, ರೂಮ್‌ಮೇಟ್ ಉಳಿಸಿದ ಎರಡು ಮಾತ್ರೆ ನುಂಗೋದು ಅತಿ ಕೆಟ್ಟ ದಾರಿ. ಅರ್ಧಂಬರ್ಧ ಆಂಟಿಬಯೋಟಿಕ್‌ಗೆ ಬದುಕಿ ಉಳಿದ ಬ್ಯಾಕ್ಟೀರಿಯಾಕ್ಕೆ ಮುಂದಿನ ಸಲ ಅದೇ ಮಾತ್ರೆ ನಾಟದೆ ಹೋಗಬಹುದು. ಮತ್ತೆ ಮತ್ತೆ ಬರುವವರು ಮಾತ್ರೆ ಶುರು ಮಾಡೋ ಮೊದಲೇ ಯೂರಿನ್ ಕಲ್ಚರ್ ಮಾಡಿಸಬೇಕು. ರಿಪೋರ್ಟ್‌ಗೆ ಎರಡು ಮೂರು ದಿನ ಹಿಡಿಯುತ್ತೆ, ಆದರೆ ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಸಾಯುತ್ತೆ ಅಂತ ಅದರಲ್ಲಿ ಬರೆದಿರುತ್ತೆ. ಆ ರಿಪೋರ್ಟ್‌ಗಳನ್ನೆಲ್ಲ ಫೋಟೋ ತೆಗೆದು ಇಟ್ಟುಕೊಳ್ಳಿ, ಊರಿನ ಡಾಕ್ಟರ್‌ಗೂ ಇಲ್ಲಿನ ಡಾಕ್ಟರ್‌ಗೂ ಬೇಕಾಗುತ್ತೆ.

ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ಬೆನ್ನುನೋವು, ವಾಂತಿ ಬಂದರೆ ಸೋಂಕು ಕಿಡ್ನಿ ಮುಟ್ಟಿರಬಹುದು. ಆಗ ಬಾರ್ಲಿನೂ ಬೇಡ, ಗೂಗಲ್ಲೂ ಬೇಡ. ನಾಳೆ ಇಂಟರ್ನಲ್ಸ್ ಇದ್ದರೂ ಇವತ್ತೇ ಆಸ್ಪತ್ರೆಗೆ ಹೋಗಿ.